ಎಂಎಸ್ ಕಬ್ಬಿಣ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಲು, ದನದ ಕೊಟ್ಟಿಗೆ, ಕಾಫಿ ಗೋದಾಮಿನ ಟ್ರಸ್ಸು (ಚಾವಣಿ ಹೊರುವ ಚೌಕಟ್ಟು) ನಮ್ಮ ದಿನದ ಕೆಲಸ. ಅರಸೀಕೆರೆ, ಕಡೂರಿನ ಬಯಲುಸೀಮೆಯವರೂ ಬರುತ್ತಾರೆ, ಸಕಲೇಶಪುರ, ಮೂಡಿಗೆರೆಯ ಮಳೆ ನಾಡಿನವರೂ ಬರುತ್ತಾರೆ. ಫೋನಿನಲ್ಲಿ, ಪತ್ರದಲ್ಲಿ, ಶೆಡ್ಡಿನ ಬಾಗಿಲಲ್ಲಿ ನಿಂತು ಅವರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಲ್ಲೇ ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ಲೆಕ್ಕದ್ದು ಕೊನೆಗೆ. ಇಷ್ಟು ವರ್ಷದಲ್ಲಿ ನಾನು ಕಂಡ ಹಾಳಾದ ಕಬ್ಬಿಣದಲ್ಲಿ ಭಾರ ತಾಳದೆ ಹೋದದ್ದು ಬಹಳ ಕಡಿಮೆ. ಹೆಚ್ಚಿನದು ನೀರಿಗೆ ಹೋದದ್ದು. ಹಾಗಾಗಿ ತುಕ್ಕಿನ ಭಾಗವನ್ನು ಬಿಡದೆ ಓದಿ.

## ಮೊದಲು ತಿಳಿಯಬೇಕಾದ್ದು

ಕಬ್ಬಿಣ, ಉಕ್ಕು, ಎಂಎಸ್ ಎಲ್ಲಾ ಒಂದೇನಾ ಸಾರ್?

ಮಾತಿನಲ್ಲಿ ಎಲ್ಲವೂ ಕಬ್ಬಿಣವೇ. ವಸ್ತುವಿನಲ್ಲಿ ವ್ಯತ್ಯಾಸವಿದೆ, ಅದನ್ನು ತರುವುದು ಇಂಗಾಲ. ಎಂಎಸ್ ಎಂದರೆ ಮೈಲ್ಡ್ ಸ್ಟೀಲ್, ಮೆದು ಉಕ್ಕು. ಕಟ್ಟಡಕ್ಕೆ ಬಳಸುವ ಎಂಎಸ್‌ನಲ್ಲಿ ನೂರು ಪಾಲಿಗೆ ಕಾಲು ಪಾಲಿಗಿಂತ ಕಡಿಮೆ ಇಂಗಾಲ, ಒಂದಷ್ಟು ಮ್ಯಾಂಗನೀಸ್, ಉಳಿದದ್ದು ಬಹುತೇಕ ಕಬ್ಬಿಣ. ಲಾರಿಯ ಪ್ಲೇಟಿನಲ್ಲಿ, ಅಂದರೆ ಸ್ಪ್ರಿಂಗ್ ಉಕ್ಕಿನಲ್ಲಿ, ಇಂಗಾಲ ಅರ್ಧ ಪಾಲಿನ ಮೇಲಿರುತ್ತದೆ. ಬೀಡು ಕಬ್ಬಿಣದಲ್ಲಿ ಎರಡರಿಂದ ನಾಲ್ಕು ಪಾಲು. ಇಂಗಾಲ ಏರಿದಂತೆ ಲೋಹ ಗಡಸಾಗುತ್ತದೆ, ಬಾಗುವ ಗುಣ ಇಳಿಯುತ್ತದೆ, ಬೆಸುಗೆಗೆ ಒಗ್ಗುವುದು ಕಡಿಮೆಯಾಗುತ್ತದೆ. ಎಂಎಸ್ ಬಾಗುತ್ತದೆ, ಕೊರೆಸಿಕೊಳ್ಳುತ್ತದೆ, ಯಾವ ಊರಿನ ವೆಲ್ಡರ್ ಕೈಯಲ್ಲೂ ಅಂಟುತ್ತದೆ. ಊರೆಲ್ಲ ಅದೇ ತುಂಬಿರುವುದು ಇದಕ್ಕೇ.

ನಮ್ಮ ಕೆಮ್ಮಣ್ಣುಗುಂಡಿ, ಕುದುರೆಮುಖದ ಅದಿರಿಂದಲೇ ಇದು ಬರ್ತಿದ್ದದ್ದು ಅಂತಾರೆ, ನಿಜವಾ?

ಒಂದು ಕಾಲಕ್ಕೆ ನಿಜ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮುಂದೆ ನಿಂತು ಕಟ್ಟಿಸಿದ್ದು. ಅದಿರು ಕೆಮ್ಮಣ್ಣುಗುಂಡಿಯದು, ಉರುವಲು ಮಲೆನಾಡಿನ ಕಾಡಿನ ಇದ್ದಿಲು. ಕುದುರೆಮುಖದ ಕಥೆ ಬೇರೆ. ಅಲ್ಲಿನ ಅದಿರನ್ನು ಅರೆದು, ನೀರಿನಲ್ಲಿ ಕಲಸಿ ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಇವತ್ತು ಅಂಗಡಿಯಲ್ಲಿ ನೀವು ಕೊಳ್ಳುವ ಆಂಗಲ್ಲು (ಎಲ್ ಆಕಾರದ ಉದ್ದ ಪಟ್ಟಿ) ಬೇರೆ ಬೇರೆ ಕಡೆಯ ಕಾರ್ಖಾನೆಗಳಿಂದ ಬಂದದ್ದು. ಆದರೂ ಕೆಮ್ಮಣ್ಣುಗುಂಡಿ ಎಂಬ ಹೆಸರಿನ ಮೇಲೆ ನನಗೆ ಪ್ರೀತಿ. ಅಲ್ಲಿನ ಕೆಂಪು ಮಣ್ಣಿನ ಬಣ್ಣವೂ ನಿಮ್ಮ ಗೇಟಿನ ತುಕ್ಕಿನ ಬಣ್ಣವೂ ಕಬ್ಬಿಣದ ಆಕ್ಸೈಡಿನದೇ. ತುಕ್ಕು ಹಿಡಿಯುವುದೆಂದರೆ ಉಕ್ಕು ಮತ್ತೆ ಅದಿರಿನ ಕಡೆಗೆ ಹೊರಟದ್ದು.

ಒಂದೇ ಮಾತಲ್ಲಿ ಹೇಳಿ, ಇದು ಎಷ್ಟು ಭಾರ ತಡೆಯುತ್ತೆ?

ಒಂದು ಚದರ ಮಿಲಿಮೀಟರಿಗೆ ಸುಮಾರು 25 ಕಿಲೋ ಎಳೆತದವರೆಗೆ ಎಂಎಸ್ ಹಿಗ್ಗಿದರೂ, ಭಾರ ತೆಗೆದರೆ ಮೊದಲಿನ ಉದ್ದಕ್ಕೇ ಬರುತ್ತದೆ. 12 ಎಂಎಂ ದುಂಡು ಸರಳಿನ ಅಡ್ಡಕೊಯ್ತ 113 ಚದರ ಮಿಲಿಮೀಟರ್, ಅಂದರೆ ಸುಮಾರು 2,800 ಕಿಲೋ. ಅದು ದಾಟಿದರೆ ಕಾಯಂ ಉದ್ದವಾಗುತ್ತದೆ, ಆದರೆ ಕೂಡಲೇ ಮುರಿಯುವುದಿಲ್ಲ. ಮುರಿಯಲು ಚದರ ಮಿಲಿಮೀಟರಿಗೆ 41 ಕಿಲೋ ಮೇಲೆ ಬೇಕು. ಮುರಿಯುವ ಹೊತ್ತಿಗೆ ಪರೀಕ್ಷೆಯ ತುಂಡು ಕನಿಷ್ಠ ಶೇ 23ರಷ್ಟು ಉದ್ದವಾಗಿರಬೇಕು ಎಂಬುದು ನಿಯಮ. ಈ ಜಗ್ಗುವ ಗುಣವೇ ಎಂಎಸ್‌ನ ದೊಡ್ಡತನ ಎಂದು ನನ್ನ ನಂಬಿಕೆ. ಬೀಡು ಸದ್ದಿಲ್ಲದೆ ಇದ್ದು ಒಮ್ಮೆಗೇ ಸೀಳುತ್ತದೆ. ಎಂಎಸ್ ಬಾಗಿ, ಬಣ್ಣ ಸಿಡಿಸಿ, ಕೆಳಗಿದ್ದವರು ಎದ್ದು ಹೊರಗೆ ಬರುವಷ್ಟು ಹೊತ್ತು ಕೊಡುತ್ತದೆ.

2,800 ಎಂದೆನೆಂದು ಅಷ್ಟನ್ನೇ ನೇತುಹಾಕಬೇಡಿ. ಲೆಕ್ಕ ಹಾಕುವವರು ಅದರ ಶೇ 60ರ ಆಸುಪಾಸಿನಲ್ಲೇ ನಿಲ್ಲುತ್ತಾರೆ.

ಮಿಕ್ಕಿದ ಎಂಎಸ್ ಪಟ್ಟಿ ಇದೆ, ಅದ್ರಲ್ಲೇ ಕತ್ತಿ ಬಡಿಸಬಹುದಾ?

ಬೇಡ. ಕಾಯಿಸಿ ನೀರಿಗೆ ಅದ್ದಿದರೂ ಎಂಎಸ್ ಗಡಸಾಗುವುದಿಲ್ಲ, ಅದಕ್ಕೆ ಬೇಕಾದ ಇಂಗಾಲ ಅದರಲ್ಲಿಲ್ಲ. ನಾಲ್ಕು ಗಿಡ ಸವರುವುದರೊಳಗೆ ಬಾಯಿ ಮಡಚಿಕೊಳ್ಳುತ್ತದೆ. ನಮ್ಮ ಕಮ್ಮಾರರು ಲಾರಿ ಪ್ಲೇಟನ್ನೇ ಹುಡುಕುವುದು ಅದಕ್ಕೆ. ಕೈಗೆ ಸಿಕ್ಕ ತುಂಡು ಯಾವುದೆಂದು ತಿಳಿಯದಿದ್ದರೆ ಗ್ರೈಂಡರಿಗೆ ಹಿಡಿದು ಕಿಡಿ ನೋಡಿ. ಎಂಎಸ್ ಕಿಡಿ ಉದ್ದ ಗೆರೆಯಾಗಿ ಹಾರುತ್ತದೆ, ತುದಿಯಲ್ಲಿ ಒಂದೆರಡು ಕವಲು ಅಷ್ಟೇ. ಲಾರಿ ಪ್ಲೇಟಿನ ಕಿಡಿ ಗಿಡ್ಡ, ಸುರುಸುರುಬತ್ತಿಯ ಹಾಗೆ ಗೆರೆಯುದ್ದಕ್ಕೂ ನಕ್ಷತ್ರವಾಗಿ ಒಡೆಯುತ್ತದೆ. ಎರಡನ್ನೂ ಒಮ್ಮೆ ಪಕ್ಕಪಕ್ಕ ಹಿಡಿದು ನೋಡಿದರೆ ಆಮೇಲೆ ಮರೆಯುವುದಿಲ್ಲ. ಕನ್ನಡಕ ಹಾಕಿಕೊಂಡೇ ನೋಡಿ.

## ಅಂಗಡಿಯಲ್ಲಿ ನಿಂತಾಗ

ಅಂಗಡಿಯವರು ಹೇಳೋ ತೂಕ ಸರಿ ಇದೆಯಾ ಅಂತ ನಾವೇ ಹೇಗೆ ನೋಡೋದು?

ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ: 7.85. ಒಂದು ಚದರ ಮೀಟರ್ ತಗಡು, ಒಂದು ಮಿಲಿಮೀಟರ್ ದಪ್ಪ ಇದ್ದರೆ 7.85 ಕಿಲೋ. 6 ಎಂಎಂ ಪ್ಲೇಟಾದರೆ ಚದರ ಮೀಟರಿಗೆ 47 ಕಿಲೋ. ದುಂಡು ಸರಳಿಗೂ ಕಂಬಿಗೂ ಬೇರೆ ಸೂತ್ರ. ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಎಂಎಂಗೆ 0.89, 16ಕ್ಕೆ 1.58. 50×50×6 ಆಂಗಲ್ ಮೀಟರಿಗೆ ನಾಲ್ಕೂವರೆ ಕಿಲೋ, ಆರು ಮೀಟರಿನ ಒಂದು ಉದ್ದ 27 ಕಿಲೋ.

ತಯಾರಿಕೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗುವುದಕ್ಕೆ ನಿಯಮದಲ್ಲೇ ಜಾಗವಿದೆ, ಅದಕ್ಕೆಲ್ಲ ಜಗಳ ಬೇಡ. ಆದರೆ 27 ಬರಬೇಕಾದ ಉದ್ದ 22 ಬಂದರೆ ನಿಮಗೆ ಕೊಟ್ಟದ್ದು 6 ಎಂಎಂ ಅಲ್ಲ. ತೂಕದ ಲೆಕ್ಕದಲ್ಲಿ ಕೊಂಡರೆ ದುಡ್ಡಿನಲ್ಲಿ ಮೋಸವಾಗಲಿಲ್ಲ ಎನಿಸುತ್ತದೆ. ಆದರೆ ಲೆಕ್ಕ ಹಾಕಿದ ಬಲ ನಿಮ್ಮ ಚಾವಣಿಗೆ ಬಂದಿರುವುದಿಲ್ಲ. ದಪ್ಪ ಅಳೆಯುವ ಸಾದಾ ಕ್ಯಾಲಿಪರ್ ಆದರೂ ಜೇಬಲ್ಲಿಟ್ಟುಕೊಂಡು ಹೋಗಿ.

ಸ್ಕ್ವೇರ್ ಪೈಪಲ್ಲಿ 16 ಗೇಜು, 18 ಗೇಜು ಅಂತಾರಲ್ಲ, ಯಾವುದು ದಪ್ಪ?

ಗೇಜು ಏರಿದಂತೆ ತಗಡು ತೆಳುವಾಗುತ್ತದೆ. 14 ಗೇಜು ಅಂದರೆ 2 ಎಂಎಂ, 16 ಅಂದರೆ 1.6, 18 ಅಂದರೆ 1.2. ಗೇಜಿನ ಮಾತು ಬಿಟ್ಟು ಎಂಎಂನಲ್ಲೇ ಕೇಳಿ, ಬಿಲ್ಲಿನಲ್ಲೂ ಹಾಗೇ ಬರೆಸಿ. 40×40 ಪೈಪು 2 ಎಂಎಂ ಇದ್ದರೆ ಆರು ಮೀಟರಿಗೆ ಸುಮಾರು 14 ಕಿಲೋ, 1.6 ಇದ್ದರೆ 11 ಕಿಲೋ ಮೇಲೆ ಸ್ವಲ್ಪ. ಮಲೆನಾಡಿನಲ್ಲಿ ಹೊರಗೆ ನಿಲ್ಲುವ ಯಾವುದಕ್ಕೂ 2 ಎಂಎಂಗಿಂತ ತೆಳು ಪೈಪನ್ನು ನಾನು ಒಪ್ಪುವುದಿಲ್ಲ. ತುಕ್ಕು ಒಳಗಿನಿಂದಲೂ ತಿನ್ನುತ್ತದೆ, ಒಳಗೆ ಬ್ರಷ್ ಹೋಗುವುದಿಲ್ಲ.

ಇಂಜಿನಿಯರು ಐಎಸ್ 2062 ಇ250 ಬಿಆರ್ ಅಂತ ಬರೆದಿದ್ದಾರೆ. ಮೆಷಿನ್ ಪುಸ್ತಕದಲ್ಲಿ ಎ36 ಅಂತಿದೆ. ಏನಿದೆಲ್ಲಾ?

ಐಎಸ್ 2062 ನಮ್ಮ ದೇಶದ ಮಾನಕದ ಸಂಖ್ಯೆ. ಇ250ರಲ್ಲಿನ 250 ಎಂದರೆ ಜಗ್ಗಲು ಶುರುವಾಗುವ ಬಲ 250 ಮೆಗಾಪಾಸ್ಕಲ್, ಮೇಲೆ ಹೇಳಿದ ಆ 25 ಕಿಲೋ. ದಪ್ಪ 20 ಎಂಎಂ ದಾಟಿದರೆ ಇದು 240ಕ್ಕೆ, 40 ದಾಟಿದರೆ 230ಕ್ಕೆ ಇಳಿಯುತ್ತದೆ. ದಪ್ಪ ಪ್ಲೇಟು ಹಾಕುವವರು ಇದನ್ನು ಮರೆಯುತ್ತಾರೆ. ಕೊನೆಯ ಅಕ್ಷರ ಏಟು ತಾಳುವ ಪರೀಕ್ಷೆಯದು. ಎ ದರ್ಜೆಗೆ ಆ ಪರೀಕ್ಷೆ ಇಲ್ಲ. ಬಿಆರ್ ಸಾಮಾನ್ಯ ಉಷ್ಣತೆಗೆ, ಬಿ0 ಸೊನ್ನೆ ಡಿಗ್ರಿಗೆ, ಸಿ ಮೈನಸ್ 20ಕ್ಕೆ. ಚಳಿಯಲ್ಲಿ ಉಕ್ಕು ಪೆಡಸಾಗುವುದರಿಂದ ಈ ವಿಂಗಡಣೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ಕಟ್ಟಿದರೂ ನಮಗೆ ಸಿ ಬೇಕಾಗುವುದಿಲ್ಲ. ಗೋದಾಮಿಗೆ ಎ ಸಾಕು, ಕ್ರೇನ್ ಓಡುವ ಗರ್ಡರಿಗೆ, ವಾಹನ ಹೋಗುವ ಸೇತುವೆಗೆ ಬಿಆರ್ ಕೇಳಿ.

ಎ36 ಅಮೆರಿಕದ ಹೆಸರು. ಅಲ್ಲಿ ಚದರ ಇಂಚಿಗೆ ಪೌಂಡಿನ ಲೆಕ್ಕ, 36 ಸಾವಿರ ಪೌಂಡ್. ತಿರುಗಿಸಿದರೆ ಅದೇ 250 ಮೆಗಾಪಾಸ್ಕಲ್. ಆಮದು ಯಂತ್ರದ ಸ್ಟ್ಯಾಂಡಿಗೆ ಎ36 ಅಂತಿದ್ದರೆ ಇ250 ಹಾಕಿಸಬಹುದು.

ಮನೆಗೆ ತಂದ ಟಿಎಂಟಿ ಕಂಬಿ ಮಿಕ್ಕಿದೆ. ಅದನ್ನೇ ವೆಲ್ಡ್ ಮಾಡಿ ಗ್ರಿಲ್ಲು, ಏಣಿ ಮಾಡಿಸಲಾ?

ಗಿಡಕ್ಕೆ ಆಸರೆ, ಹಂದರ ಮಾಡಿಸಿ. ಮನುಷ್ಯ ಹತ್ತುವ ಏಣಿ ಬೇಡ. ಟಿಎಂಟಿ ಎಂದರೆ ಕಾಂಕ್ರೀಟಿನೊಳಗೆ ಹಾಕುವ ಕಂಬಿ. ಅದನ್ನು ಕಾರ್ಖಾನೆಯಲ್ಲಿ ಕೆಂಪಗಿರುವಾಗಲೇ ನೀರು ಚಿಮ್ಮಿಸಿ ಹೊರಮೈ ಗಡಸು ಮಾಡಿರುತ್ತಾರೆ, ಒಳಗೆ ಮೆದುವೇ ಇರುತ್ತದೆ. ಫೆ 500 ಎಂಬ ದರ್ಜೆಯ ಕಂಬಿಯ ಬಲದಲ್ಲಿ ದೊಡ್ಡ ಪಾಲು ಆ ಹೊರ ಉಂಗುರದ್ದು. ಬೆಸುಗೆಯ ಬಿಸಿ ತಾಗಿದ ಕಡೆ ಆ ಉಂಗುರ ಮೆತ್ತಗಾಗುತ್ತದೆ. ಬಗ್ಗಿಸಲೆಂದು ಕಾಯಿಸುವುದೂ ಅದೇ ಕಾರಣಕ್ಕೆ ತಪ್ಪು. ಏಣಿಗೆ ಎಂಎಸ್ ರೌಂಡು, ಪೈಪು ಇವೆ.

## ಮಳೆ, ತುಕ್ಕು, ಬಣ್ಣ

ಹಾಸನದಲ್ಲಿ ಹತ್ತು ವರ್ಷ ಬಾಳೋ ಗೇಟು ನಮ್ಮ ಮೂಡಿಗೆರೇಲಿ ನಾಲ್ಕೇ ವರ್ಷಕ್ಕೆ ಯಾಕೆ ಹೋಗುತ್ತೆ?

ತುಕ್ಕಿಗೆ ಗಾಳಿ, ನೀರು ಎರಡೂ ಬೇಕು. ಎಷ್ಟು ಮಳೆ ಬಿತ್ತು ಎನ್ನುವುದಕ್ಕಿಂತ ಎಷ್ಟು ಹೊತ್ತು ಕಬ್ಬಿಣ ಒದ್ದೆಯಾಗಿತ್ತು ಎನ್ನುವುದು ಮುಖ್ಯ. ಬಯಲುಸೀಮೆಯಲ್ಲಿ ಮಳೆ ಬಂದು ಹೋದ ಗಂಟೆಯಲ್ಲಿ ಗೇಟು ಒಣಗುತ್ತದೆ. ನಿಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗುವುದೇ ಇಲ್ಲ, ಆಮೇಲೆ ಬೆಳಗಿನ ಮಂಜು. ಮೇಲಾಗಿ ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ, ಚಕ್ಕೆಯಾಗಿ ಉದುರಿ, ಕೆಳಗಿನ ಹೊಸ ಮೈಯನ್ನು ಮತ್ತೆ ನೀರಿಗೆ ಒಡ್ಡುತ್ತದೆ. ತಾಮ್ರದ ಮೇಲಿನ ಹಸಿರು ಒಳಗಿನ ಲೋಹವನ್ನು ಕಾಯುವ ಹಾಗೆ ತುಕ್ಕು ಕಾಯುವುದಿಲ್ಲ.

ಎರಡು ಕೋಟು ರೆಡ್ ಆಕ್ಸೈಡ್ ಹೊಡೆಸಿದೀನಿ, ಮಳೆಗಾಲ ಕಳೆದ ಮೇಲೆ ಬಣ್ಣ ಹೊಡೆಸಿದರಾಯ್ತಲ್ಲ?

ಆಗುವುದಿಲ್ಲ. ರೆಡ್ ಆಕ್ಸೈಡ್ ಪ್ರೈಮರು ಬಣ್ಣಕ್ಕೆ ಹಿಡಿತ ಕೊಡುವ ಪದರ. ಅದರ ಮೈ ತುಂಬ ಸೂಕ್ಷ್ಮ ರಂಧ್ರ, ನೀರು ಇಳಿಯುತ್ತದೆ. ಮೇಲುಬಣ್ಣವಿಲ್ಲದೆ ಒಂದು ಮಳೆಗಾಲ ಬಿಟ್ಟರೆ ಪ್ರೈಮರಿನ ಅಡಿಯಲ್ಲೇ ತುಕ್ಕು ಹರಿದಾಡಿರುತ್ತದೆ. ಪ್ರೈಮರಿನ ಬಣ್ಣವೂ ತುಕ್ಕಿನದೇ ಆದ್ದರಿಂದ ಕಣ್ಣಿಗೆ ಕಾಣುವುದೂ ಇಲ್ಲ.

ಬಣ್ಣಕ್ಕಿಂತ ಮುಂಚಿನ ಕೆಲಸದಲ್ಲೇ ಆಯುಸ್ಸಿರುವುದು. ಹೊಸ ಆಂಗಲ್ಲಿನ ಮೇಲೆ ನೀಲಿಗಪ್ಪು ಪದರ ನೋಡಿದ್ದೀರಲ್ಲ, ಕಾರ್ಖಾನೆಯಲ್ಲಿ ಬಿಸಿಯಾಗಿ ಉರುಳಿಸುವಾಗ ಕೂತದ್ದು. ಗಟ್ಟಿಯಾಗಿದೆ ಎಂದು ಅದರ ಮೇಲೇ ಬಣ್ಣ ಬಳಿಯುತ್ತಾರೆ. ಎರಡು ವರ್ಷಕ್ಕೆ ಅದು ಬಿಟ್ಟುಕೊಂಡು ಬಣ್ಣವನ್ನೂ ಎಳೆದುಕೊಂಡು ಬೀಳುತ್ತದೆ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿ, ಆಗುವುದಾದರೆ ಮರಳು ಸಿಡಿಸಿ ಬಿಳಿ ಮೈ ತೆಗೆಯಿರಿ. ಬೆಸುಗೆಯ ಕಿಟ್ಟ, ಸಿಡಿದ ಹನಿಗಳನ್ನು ಕೆತ್ತಿ. ಎಣ್ಣೆ ಒರೆಸಿ, ಅದೇ ದಿನ ಪ್ರೈಮರ್ ಹೊಡೆಯಿರಿ. ಚೂಪು ಅಂಚಿನಲ್ಲಿ ಬಣ್ಣ ತೆಳುವಾಗಿ ನಿಲ್ಲುವುದರಿಂದ ಅಂಚುಗಳಿಗೆ ಬ್ರಷ್ಷಿನಲ್ಲಿ ಇನ್ನೊಂದು ಕೈ ಕೊಡಿ. ಇದೆಲ್ಲ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಮಂಜು ಕೂತ ಕಬ್ಬಿಣದ ಮೇಲೆ ಬೆಳಗ್ಗೆ ಏಳಕ್ಕೆ ಹೊಡೆದ ಬಣ್ಣ ನೀರಿನ ಮೇಲೆ ಹೊಡೆದ ಹಾಗೆ. ಬಿಸಿಲೇರಿದ ಮೇಲೆ ಶುರು ಮಾಡಿ.

ಕೊಟ್ಟಿಗೆ ಕಂಬ ನೆಲದ ಹತ್ತಿರ ಮಾತ್ರ ಕೊಳೆಯುತ್ತೆ, ಮೇಲೆಲ್ಲಾ ಹೊಸದರ ಹಾಗಿದೆ. ಯಾಕೆ?

ಇದು ನನ್ನ ಕೈಯಿಂದಲೇ ಆದ ತಪ್ಪು, ಅದಕ್ಕೇ ವಿವರವಾಗಿ ಹೇಳುತ್ತೇನೆ. ಶೆಡ್ ಹಾಕಿದ ಮೊದಲ ವರ್ಷಗಳಲ್ಲಿ ಸಕಲೇಶಪುರದ ಕಡೆ ಒಂದು ಕೊಟ್ಟಿಗೆಗೆ ಪೈಪಿನ ಕಂಬಗಳನ್ನು ಗುಂಡಿಯಲ್ಲಿ ನಿಲ್ಲಿಸಿ, ಕಾಂಕ್ರೀಟು ಸುರಿದು, ನೆಲದ ಮಟ್ಟಕ್ಕೆ ಸಮ ಮಾಡಿ ಬಂದೆ. ಆರನೇ ಮಳೆಗಾಲ ಮುಗಿದ ಮೇಲೆ ಯಜಮಾನರು ಕರೆಸಿದರು. ಕಂಬದ ಮೇಲಿನ ಬಣ್ಣ ಚೆನ್ನಾಗಿಯೇ ಇತ್ತು. ಬುಡದಲ್ಲಿ ನಾಲ್ಕು ಬೆರಳಗಲ ಬಣ್ಣ ಉಬ್ಬಿತ್ತು. ಚಿಪ್ಪಿಂಗ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ಸುತ್ತಿಗೆಯ ಮೂತಿ ಒಳಗೆ ಹೋಯಿತು. ಕಿತ್ತಾಗ ಪೈಪಿನೊಳಗಿಂದ ಎರಡು ಬೊಗಸೆ ಕೆಂಪು ಪುಡಿ, ಅದರಡಿ ಕಪ್ಪು ನೀರು. ಚಾವಣಿ ಬೀಳಲಿಲ್ಲ, ಹಸುಗಳಿಗೆ ಏನೂ ಆಗಲಿಲ್ಲ. ಜಾಕಿ ಕೊಟ್ಟು ಒಂದೊಂದೇ ಕಂಬದ ಬುಡ ಕತ್ತರಿಸಿ ನನ್ನ ಖರ್ಚಿನಲ್ಲೇ ಹೊಸದು ಕೂರಿಸಿದೆ.

ಆದದ್ದೇನೆಂದರೆ, ಕಾಂಕ್ರೀಟಿಗೂ ಕಂಬಕ್ಕೂ ನಡುವೆ ಕೂದಲೆಳೆ ಸಂದು. ಗಂಜಲ, ಸಗಣಿ ನೀರು ಅಲ್ಲಿ ನಿಂತು ಒಣಗುವುದೇ ಇಲ್ಲ. ಗಂಜಲದಲ್ಲಿ ಉಪ್ಪಿನ ಅಂಶವಿದೆ, ಅದು ತುಕ್ಕಿಗೆ ಬಿರುಸು ಕೊಡುತ್ತದೆ. ಈಗ ನಾನು ನೆಲದಿಂದ ಕನಿಷ್ಠ ಅರ್ಧ ಅಡಿ ಎತ್ತರಕ್ಕೆ ಕಾಂಕ್ರೀಟಿನ ಕಟ್ಟೆ ಎಬ್ಬಿಸಿ, ಅದರ ತಲೆಗೆ ನೀರು ಜಾರುವ ಇಳಿಜಾರು ಕೊಟ್ಟು, ಬೇಸ್ ಪ್ಲೇಟು ಬೋಲ್ಟಿನಿಂದ ಕೂರಿಸುತ್ತೇನೆ. ಪೈಪಿನ ಮೇಲ್ತುದಿಗೆ ಮುಚ್ಚಳ ಬೆಸೆದು, ಬುಡದಲ್ಲಿ 8 ಎಂಎಂ ತೂತು ಬಿಡುತ್ತೇನೆ, ಹೇಗೋ ಒಳಗೆ ಇಳಿದ ನೀರು ಹೊರಗೆ ಬರಲೆಂದು. ನೀವು ಯಾರ ಕೈಲಿ ಮಾಡಿಸಿದರೂ ಈ ಮೂರನ್ನು ಕೇಳಿ ಮಾಡಿಸಿಕೊಳ್ಳಿ.

ಬೋರ್ಡೋ ಕಲಸೋ ಡ್ರಮ್ಮು ಒಂದೇ ವರ್ಷಕ್ಕೆ ತೂತಾಯ್ತು. ದಪ್ಪ ಡ್ರಮ್ ಮಾಡಿಸಿದರೆ ಸರಿ ಹೋಗುತ್ತಾ?

ದಪ್ಪ ಮಾಡಿದರೆ ಎರಡು ವರ್ಷಕ್ಕೆ ತೂತಾಗುತ್ತದೆ ಅಷ್ಟೇ. ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಕಲಸಿದ ಸಿಂಪಡಣೆ ಔಷಧಿ. ಮೈಲುತುತ್ತ ತಾಮ್ರದ ಉಪ್ಪು, ಅದರ ನೀರಿಗೆ ಕಬ್ಬಿಣ ಮುಟ್ಟಿಸಲೇಬಾರದು. ದ್ರಾವಣದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಬದಲಿಗೆ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ತೋಟದವರು ಕುಡುಗೋಲಿನ ತುದಿ ಅದ್ದಿ ನೋಡುವುದು ಇದೇ ನಂಟನ್ನು ಹಿಡಿದು. ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು. ಕಲಸುವುದಕ್ಕೆ ಪ್ಲಾಸ್ಟಿಕ್ ಡ್ರಮ್ಮು ಅಥವಾ ಸಿಮೆಂಟು ತೊಟ್ಟಿ ಬಳಸಿ. ಹಾಗೆಯೇ ಪೊಟ್ಯಾಷ್ ಗೊಬ್ಬರದ ಮೂಟೆಗಳನ್ನು ಕಬ್ಬಿಣದ ಕಂಬಕ್ಕೆ ಒರಗಿಸಬೇಡಿ. ಅದು ಕ್ಲೋರೈಡು, ಕಡಲ ಉಪ್ಪಿನ ಹತ್ತಿರದ ಸಂಬಂಧಿ.

ಜಿಐ ಹಾಕಿಸಿಬಿಟ್ಟರೆ ಬಣ್ಣದ ರಗಳೆಯೇ ಇರಲ್ಲ ಅಲ್ವಾ?

ಬಹಳ ಮಟ್ಟಿಗೆ ನಿಜ. ಜಿಐ ಎಂದರೆ ಸತು ಲೇಪಿಸಿದ ಕಬ್ಬಿಣ. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆದರೆ ಸತು ಉಕ್ಕಿನ ಜೊತೆ ಬೆಸೆದುಕೊಳ್ಳುತ್ತದೆ. ಸಣ್ಣ ಗೀರು ಬಿದ್ದರೂ ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಅದ್ದುವುದಿದ್ದರೆ ಎಲ್ಲ ಕೊರೆದು, ಬೆಸೆದು ಮುಗಿಸಿದ ಮೇಲೆ ಅದ್ದಿಸಿ. ಜಿಐ ಪೈಪು ತಂದು ಬೆಸೆದರೆ ಬೆಸುಗೆಯ ಸುತ್ತ ಸತು ಸುಟ್ಟು ಹೋಗಿ ಅಲ್ಲಿಂದಲೇ ತುಕ್ಕು ಶುರು, ಅಲ್ಲಿಗೆ ಸತುವಿನ ಬಣ್ಣ ಬಳಿಯಲೇಬೇಕು. ಕೊಟ್ಟಿಗೆಯಲ್ಲಿ ಜಿಐ ಕೂಡ ಗಂಜಲ ನಿಂತ ಕಡೆ ಬೇಗ ಸವೆಯುತ್ತದೆ, ಕಟ್ಟೆ ಬೇಕೇ ಬೇಕು.

## ಬೆಸುಗೆ

ಮಳೆಗಾಲದಲ್ಲಿ ವೆಲ್ಡಿಂಗು ಸಿಡಿಯುತ್ತೆ, ತೂತು ತೂತಾಗುತ್ತೆ. ಮೆಷಿನ್ ದೋಷವಾ?

ಬಹುಪಾಲು ರಾಡ್ ಒದ್ದೆಯಾಗಿರುತ್ತದೆ. ರಾಡಿನ ಮೇಲಿನ ಲೇಪ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಬೆಸುಗೆಯ ಬಿಸಿಗೆ ಆ ನೀರು ಒಡೆದು ಗಾಳಿಗುಳ್ಳೆಯಾಗುತ್ತದೆ. ಗೇಟು ಗ್ರಿಲ್ಲಿಗೆ ಬಳಸುವ 6013 ರಾಡನ್ನು ನೂರು ಡಿಗ್ರಿ ಚಿಲ್ಲರೆಯಲ್ಲಿ ಒಣಗಿಸಿದರೆ ಸಾಕು. ನಮ್ಮಲ್ಲಿ ಮುಚ್ಚಳದ ತಗಡಿನ ಪೆಟ್ಟಿಗೆಯೊಳಗೆ ಹಳೇ ಮಾದರಿಯ ಬಲ್ಬು ಉರಿಸಿ, ಒಣಗಿಸಿದ ರಾಡು ಮತ್ತೆ ತಣಿಯದಂತೆ ಇಡುತ್ತೇವೆ. ದಪ್ಪ ಪ್ಲೇಟಿಗೆ ಬಳಸುವ 7018ಕ್ಕೆ 300 ಡಿಗ್ರಿ ಮೇಲಿನ ಒಲೆಯೇ ಬೇಕು, ಬಲ್ಬು ಸಾಲದು.

ಅಜ್ಜನ ಕಾಲದ ಪಲ್ಪರ್ ಕಾಲು ಸೀಳಿದೆ, ಬೆಸೆದು ಕೊಡಿ ಅಂದರೆ ಯಾರೂ ಒಪ್ಪಲ್ಲ.

ಒಪ್ಪದವರು ಪ್ರಾಮಾಣಿಕರು. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಹಳೆಯದರ ಮೈ ಬೀಡು. ಎಂಎಸ್ ರಾಡಿನಲ್ಲಿ ಬೆಸೆದರೆ ತಣಿಯುವಾಗ ಪಕ್ಕದಲ್ಲೇ ಟಣ್ ಎಂದು ಹೊಸ ಸೀಳು. ಅದಕ್ಕೆ ನಿಕಲ್ ರಾಡು, ಬಿಸಿ ಮಾಡಿ, ತುಸು ತುಸುವೇ ಬೆಸೆದು, ಬೂದಿಯಲ್ಲಿ ಹೂತು ನಿಧಾನ ತಣಿಸುವ ಕೈ ಬೇಕು.

ಜಿಐ ಬೆಸೆದ ರಾತ್ರಿ ಹುಡುಗನಿಗೆ ಚಳಿಜ್ವರ ಬಂತು. ಹಾಲು ಕುಡಿಸಿದರೆ ಸಾಕಾ?

ಅದು ಸತುವಿನ ಹೊಗೆಯ ಜ್ವರ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರು ಕಟ್ಟಿದರೆ, ಎದೆ ಬಿಗಿದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಲು ಹೊಗೆಯನ್ನು ತಡೆಯುವುದಿಲ್ಲ. ಬೆಸೆಯುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು, ಹೊಗೆಗೆಂದೇ ಇರುವ ಮಾಸ್ಕು ಹಾಕಿಸಿ. ಕೆಲಸಕ್ಕೆ ಬಂದ ಹುಡುಗರು ಕೇಳುವುದಿಲ್ಲ, ನಾವೇ ಕೊಡಬೇಕು.

## ಲೆಕ್ಕ ಬಲ್ಲವರಿಗೆ

ಬೀಮು ನಡುವಲ್ಲಿ ಜೋಲುತ್ತಿದೆ. ಇ250 ಬದಲು ಇ350 ಹಾಕಿದರೆ ಜೋಲೋದು ನಿಲ್ಲುತ್ತಾ?

ನಿಲ್ಲುವುದಿಲ್ಲ, ಇದರಲ್ಲಿ ಬಲ್ಲವರೂ ತಪ್ಪುತ್ತಾರೆ. ಬಲ ಬೇರೆ, ಬಿಗಿ ಬೇರೆ. ಯಾವ ದರ್ಜೆಯ ಉಕ್ಕಾದರೂ ಬಿಗಿಯ ಅಳತೆ, ಅಂದರೆ ಸ್ಥಿತಿಸ್ಥಾಪಕ ಗುಣಾಂಕ, ಸುಮಾರು 200 ಗಿಗಾಪಾಸ್ಕಲ್ಲೇ. ಅದೇ ಅಳತೆಯ ಇ350 ಬೀಮು ಅದೇ ಭಾರಕ್ಕೆ ಅಷ್ಟೇ ಜೋಲುತ್ತದೆ. ಜೋಲುವುದನ್ನು ತಡೆಯುವುದು ಆಕಾರ. 50×6 ಪಟ್ಟಿಯನ್ನು ಮಲಗಿಸಿ ಎರಡು ಇಟ್ಟಿಗೆಯ ಮೇಲಿಟ್ಟು ಒತ್ತಿ, ಬೆರಳಿಗೇ ಬಾಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಬಿಗಿ ಸುಮಾರು 69 ಪಟ್ಟು. ಲೋಹ ಒಂದು ಗ್ರಾಂ ಹೆಚ್ಚಾಗಿಲ್ಲ. ಬೀಮಿನ ಎತ್ತರ ಹೆಚ್ಚಿಸಿ, ಇಲ್ಲವೇ ನಡುವೆ ಕಂಬ ಕೊಟ್ಟು ಅಂತರ ಇಳಿಸಿ. ನಡುವೆ ಭಾರ ಬೀಳುವ ಬೀಮಿನ ಅಂತರ ಅರ್ಧವಾದರೆ ಜೋಲು ಎಂಟನೇ ಒಂದಕ್ಕೆ ಇಳಿಯುತ್ತದೆ.

ಪೈಪಿನ ಕಂಬ ಟನ್‌ಗಟ್ಟಲೆ ಹೊರುತ್ತೆ ಅಂತ ಲೆಕ್ಕ ಬಂತು, ಆದರೂ ಇಂಜಿನಿಯರು ದಪ್ಪ ಪೈಪೇ ಬೇಕು ಅಂತಾರೆ.

ಅವರು ಸರಿ. ಎಳೆತದ ಲೆಕ್ಕವನ್ನು ಒತ್ತಡಕ್ಕೆ ಹಾಕಬಾರದು. ಎತ್ತರದ ತೆಳು ಕಂಬ ಲೋಹ ಸೋಲುವ ಮೊದಲೇ ಪಕ್ಕಕ್ಕೆ ಬಳುಕುತ್ತದೆ. ಎತ್ತರ ದುಪ್ಪಟ್ಟಾದರೆ ಬಳುಕುವ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದೇ ತೂಕದಲ್ಲಿ ಅಗಲ ಪೈಪು ಗೆಲ್ಲುವುದೂ ಇದಕ್ಕೇ. ಉಕ್ಕಿನ ಕಟ್ಟಡ ಲೆಕ್ಕದ ಮಾನಕವಾದ ಐಎಸ್ 800ರಲ್ಲಿ ಇದಕ್ಕೆ ಪ್ರತ್ಯೇಕ ಕೋಷ್ಟಕಗಳಿವೆ.

30 ಮೀಟರ್ ಉದ್ದದ ಶೆಡ್, ಬಿಸಿಲಿಗೆ ಎಷ್ಟು ಹಿಗ್ಗುತ್ತೆ?

ಮೀಟರಿಗೆ, ಡಿಗ್ರಿಗೆ 0.012 ಮಿಲಿಮೀಟರ್. ಬೆಳಗಿನ ಚಳಿಗೂ ಮಧ್ಯಾಹ್ನದ ಕಾದ ತಗಡಿಗೂ 30 ಡಿಗ್ರಿ ವ್ಯತ್ಯಾಸ ಹಿಡಿದರೆ 11 ಮಿಲಿಮೀಟರ್ ಹತ್ತಿರ. ಉದ್ದ ಪರ್ಲಿನ್ನಿನ (ಚಾವಣಿ ತಗಡಿನ ಕೆಳಗಿನ ಅಡ್ಡಪಟ್ಟಿಯ) ಜೋಡಣೆಯಲ್ಲಿ ದುಂಡು ತೂತಿನ ಬದಲು ಉದ್ದ ತೂತು ಕೊಡಿ.

ಕಬ್ಬಿಣ ಸುಡಲ್ಲ, ಹಾಗಾದರೆ ಗೋದಾಮಿಗೆ ಬೆಂಕಿ ಭಯ ಇಲ್ಲ ಅಲ್ವಾ?

ಸುಡುವುದಿಲ್ಲ, ಸೋಲುತ್ತದೆ. ಕರಗಲು 1,500 ಡಿಗ್ರಿಯ ಹತ್ತಿರ ಬೇಕಾದರೂ 550ರ ಸುಮಾರಿಗೇ ಅರ್ಧದಷ್ಟು ಬಲ ಹೋಗಿರುತ್ತದೆ. ಗೋಣಿಚೀಲ, ಒಣ ಕಾಫಿ ಹೊತ್ತಿಕೊಂಡರೆ ಆ ಬಿಸಿ ದೂರದ ಮಾತಲ್ಲ. ಸೌದೆಯನ್ನು ಟ್ರಸ್ಸಿನ ಕೆಳಗೆ ಪೇರಿಸಬೇಡಿ. ಒಮ್ಮೆ ಬೆಂಕಿ ಕಂಡ ಬೀಮನ್ನು ನೆಟ್ಟಗಿದೆ ಎಂದು ಹಾಗೇ ಬಳಸುವ ಮೊದಲು ಇಂಜಿನಿಯರಿಗೆ ತೋರಿಸಿ.

ಟೆಸ್ಟ್ ಸರ್ಟಿಫಿಕೇಟಲ್ಲಿ ಸಿಇ ಅಂತ ಒಂದು ಅಂಕಿ ಇರುತ್ತೆ, ಅದು ಏನು?

ಇಂಗಾಲ ಸಮಾನಾಂಕ. ಬೆಸುಗೆಯಲ್ಲಿ ಸೀಳು ಬರುವ ಭಯವನ್ನು ಒಂದೇ ಅಂಕಿಯಲ್ಲಿ ಹೇಳುವ ಲೆಕ್ಕ. ಇಂಗಾಲಕ್ಕೆ ಮ್ಯಾಂಗನೀಸಿನ ಆರನೇ ಒಂದು, ಕ್ರೋಮಿಯಂ, ಮಾಲಿಬ್ಡಿನಂ, ವೆನೆಡಿಯಂ ಸೇರಿದ್ದರ ಐದನೇ ಒಂದು, ನಿಕಲ್, ತಾಮ್ರ ಸೇರಿದ್ದರ ಹದಿನೈದನೇ ಒಂದು ಕೂಡಿಸುತ್ತಾರೆ. ಇ250 ಎ ದರ್ಜೆಗೆ ಇದು 0.42 ಮೀರಬಾರದು. ಅದರೊಳಗಿದ್ದು ಪ್ಲೇಟು ತೆಳುವಾಗಿದ್ದರೆ ಬಿಸಿ ಮಾಡದೆ ಬೆಸೆಯಬಹುದು. ಪ್ಲೇಟು ದಪ್ಪವಾದಂತೆ ಬೆಸುಗೆ ಬೇಗ ತಣಿದು ಪೆಡಸಾಗುತ್ತದೆ, ಆಗ ಮೊದಲೇ ಕಾಯಿಸುವುದು, ಒಣ 7018 ರಾಡು ಎರಡೂ ಬೇಕು. ಸರ್ಟಿಫಿಕೇಟಿನ ಹೀಟ್ ನಂಬರೂ (ಉಕ್ಕು ಕರಗಿಸಿದ ಸರದಿಯ ಸಂಖ್ಯೆ) ಪ್ಲೇಟಿನ ಮೇಲೆ ಬರೆದ ಅಥವಾ ಒತ್ತಿದ ನಂಬರೂ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವಾಗಲೇ ನೋಡಿ. ಕತ್ತರಿಸಿದ ಮೇಲೆ ಆ ನಂಬರಿರುವ ಮೂಲೆ ಯಾರ ತುಂಡಿನಲ್ಲಿ ಹೋಯಿತೋ ಹುಡುಕಲಾಗುವುದಿಲ್ಲ.